ಮಾಗಳಿ ಬೇರು, ಅತಿಮಧುರ ಮತ್ತು ಹೊಟ್ಟೆಯ ಹುಣ್ಣು

ಹಳೆಯ ಮೈಸೂರು ಸೀಮೆಯಲ್ಲಿ ಮಾಗಳಿ ಬೇರು ಎಂದೊಡನೆ ನೆನಪಾಗುವುದು ಉಪ್ಪಿನಕಾಯಿ. ಅದರ ವಾಸನೆಗೆ ಮನಸೋಲುವವರಿದ್ದಾರೆ. ತಿಗಣೆಯ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬುದು ಈ ಬಳ್ಳಿಯ ವೈಜ್ಞಾನಿಕ ಹೆಸರು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಇದರ ಬೇರು ಹಸಿವು ಹೆಚ್ಚಿಸುತ್ತದೆ, ದೇಹಕ್ಕೆ ತಂಪು ಎಂಬುದು ಜನರ ನಂಬಿಕೆ. ಇದು ಜಠರದ ಹುಣ್ಣನ್ನೂ ತಡೆಯಬಲ್ಲದೆ?

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಶೈಲಜಾ ಧರ್ಮೇಶ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರಿನಿಂದ ಅವರು ಬೇರ್ಪಡಿಸಿದ್ದು ಫೀನಾಲ್‌ಗಳು ಅಂಟಿಕೊಂಡಿರುವ ಒಂದು ಪೆಕ್ಟಿನ್. ಅದನ್ನು ಇಲಿಗಳಿಗೆ ತಿನ್ನಿಸಿ, ಬಳಿಕ ಆಲ್ಕೊಹಾಲ್ ಕೊಟ್ಟು ಅಥವಾ ನೀರಿನಲ್ಲಿ ಈಜಿಸಿ ದಣಿಸಿ ಹುಣ್ಣು ಬರಿಸಿದರು. ಪೆಕ್ಟಿನ್ ತಿಂದ ಇಲಿಗಳ ಜಠರದಲ್ಲಿ ಹುಣ್ಣು ಬಹಳ ಕಡಿಮೆಯಿತ್ತು. ಈ ಪದಾರ್ಥ ಜಠರದ ಪ್ರೋಟಾನ್ ಪಂಪನ್ನು ತಡೆಯುವುದೂ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ಕುಗ್ಗಿಸುವುದೂ ಕಂಡುಬಂತು. ಈ ಪಂಪ್ ಸಾಮಾನ್ಯದ್ದಲ್ಲ. ಜೀವಕೋಶದೊಳಗೆ ಪಿಎಚ್ ಸುಮಾರು 7, ಹೊರಗೆ ಜಠರರಸದಲ್ಲಿ ಸುಮಾರು 1. ಅಂದರೆ ಹೈಡ್ರೊಜನ್ ಅಯಾನುಗಳನ್ನು ಅದು ಹತ್ತು ಲಕ್ಷ ಪಟ್ಟು ಸಾಂದ್ರತೆಯ ಏರಿನ ವಿರುದ್ಧ ತಳ್ಳುತ್ತದೆ!

ಆದರೆ ಇಲಿಯಲ್ಲಿ ನೋಡಿದ್ದು ಒಂದೇ ದಿನದಲ್ಲಿ ಬರಿಸಿದ ಹುಣ್ಣನ್ನು ತಡೆಯುವ ಶಕ್ತಿಯನ್ನು. ಮನುಷ್ಯನಲ್ಲಿ ತಿಂಗಳುಗಟ್ಟಲೆ ಕಾಡಿದ ಹುಣ್ಣನ್ನು ವಾಸಿಮಾಡುವುದು ಬೇರೆಯೇ ಪರೀಕ್ಷೆ. ಅದರ ಕಷ್ಟ ಎಷ್ಟೆಂದು ತಿಳಿಯಲು ನಮಗೆ ಪರಿಚಿತವಾದ ಇನ್ನೊಂದು ಬೇರಿನ, ಅತಿಮಧುರದ, ಇತಿಹಾಸ ನೋಡಬೇಕು.

1946ರಲ್ಲಿ ನೆದರ್ಲೆಂಡ್ಸಿನ ವೈದ್ಯ ರೇವರ್ಸ್, ಅತಿಮಧುರದ ಸಾರದಿಂದ ರೋಗಿಗಳ ಜಠರದ ಹುಣ್ಣು ಗುಣವಾಯಿತೆಂದು ವರದಿ ಮಾಡಿದರು. ಹಲವರಿಗೆ ಮೈ ಊದಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಹುಣ್ಣಿನ ತೊಡಕೆಂದರೆ ಅದು ತಾನಾಗಿಯೂ ಮಾಯುತ್ತದೆ. ಔಷಧಿಯೇ ಇಲ್ಲದ ಗುಳಿಗೆ ನುಂಗಿದವರಲ್ಲೂ ಮೂರನೆಯ ಒಂದು ಭಾಗದಷ್ಟು ಮಂದಿಗೆ ಕೆಲವೇ ವಾರಗಳಲ್ಲಿ ವಾಸಿಯಾಗುವುದುಂಟು. ನೋವು ನಿಂತಿತೆಂಬ ಮಾತಂತೂ ಅಳತೆಯೇ ಅಲ್ಲ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್, ಅತಿಮಧುರದಿಂದ ತಯಾರಿಸಿದ ಕಾರ್ಬೆನೊಕ್ಸೊಲೋನನ್ನು 1962ರಲ್ಲಿ ಪರೀಕ್ಷಿಸಿದಾಗ ನೆಚ್ಚಿದ್ದು ಎಕ್ಸ್‌ಕಿರಣ ಚಿತ್ರಗಳನ್ನು. ಬೇರಿಯಂ ಕುಡಿಸಿ ತೆಗೆದ ಚಿತ್ರದಲ್ಲಿ ಹುಣ್ಣಿನ ಗುಳಿ ಎಷ್ಟು ಕಿರಿದಾಯಿತೆಂದು ಅಳೆದು, ಔಷಧಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರು. ಭೌತವಿಜ್ಞಾನ ಕಲಿಸುವ ನನಗೆ ಔಷಧಿಗಿಂತ ಈ ಅಳತೆಯೇ ಹೆಚ್ಚು ಹಿಡಿಸುತ್ತದೆ. ಜಠರದ ಹುಣ್ಣು ಔಷಧಿಯಿಂದ ಬೇಗ ಮಾಯುವುದು ಖಚಿತವಾಯಿತು. ಆದರೂ ಉಪ್ಪು ನೀರು ದೇಹದಲ್ಲೇ ಉಳಿಯುವುದು, ಪೊಟ್ಯಾಸಿಯಂ ನಷ್ಟ, ರಕ್ತದೊತ್ತಡದ ಏರಿಕೆ ಇವು ಬೆನ್ನು ಬಿಡಲಿಲ್ಲ. ಸಿಮೆಟಿಡಿನ್‌ನಂಥ ಹೊಸ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಯಿತು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಹುಣ್ಣು ಮುಚ್ಚಿದರೂ ಬ್ಯಾಕ್ಟೀರಿಯ ಉಳಿದರೆ ಅದು ಮರಳುವ ಸಂಭವ ಹೆಚ್ಚು. ಈಗ ಕಾರ್ಬನ್-13 ಇರುವ ಯೂರಿಯ ಕುಡಿಸಿ, ಉಸಿರಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಆ ಐಸೊಟೋಪಿನ ಪ್ರಮಾಣವನ್ನು ಅಳೆದು ಬ್ಯಾಕ್ಟೀರಿಯ ಇದೆಯೇ ಎಂದು ಹೇಳಬಹುದು. ಕೆಲವೇ ವಾರಗಳ ಪ್ರತಿಜೈವಿಕಗಳಿಂದ ಸೋಂಕು ನಿವಾರಿಸಲು ಸಾಧ್ಯವಿರುವಾಗ, ಯಾವ ಬೇರಾದರೂ ಇದೇ ಅಳತೆಗೋಲಿನಲ್ಲಿ ಗೆಲ್ಲಬೇಕು. ಮಲ ಕಪ್ಪಗಾಗುವುದು, ರಕ್ತವಾಂತಿ ಇವುಗಳಿಗೆ ಮನೆಮದ್ದು ಮಾಡುತ್ತ ಕೂರುವುದಂತೂ ಅಪಾಯ.

ಮಾಗಳಿಗೆ ಇನ್ನೊಂದು ಸಂಕಟವಿದೆ. ಬೇರಿಗಾಗಿ ಅಗೆದರೆ ಗಿಡವೇ ಹೋಯಿತು. ಉಪ್ಪಿನಕಾಯಿ, ಶರಬತ್ತು, ಔಷಧಿಗಳಿಗೆಂದು ಕಾಡಿನಿಂದಲೇ ಅಗೆದು ತಂದದ್ದರಿಂದ ಅದೀಗ ಅಳಿವಿನ ಅಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಮೈಸೂರಿನ ಅದೇ ಸಂಸ್ಥೆಯಲ್ಲಿ ಜಿ. ಎ. ರವಿಶಂಕರ್ ಅವರ ತಂಡ ಹುಣ್ಣಿನ ಪ್ರಯೋಗಕ್ಕೂ ಮೊದಲೇ ಅಂಗಾಂಶ ಕೃಷಿಯಿಂದ ಮಾಗಳಿ ಸಸಿಗಳನ್ನು ಬೆಳೆಸುವ ವಿಧಾನ ರೂಪಿಸಿತ್ತು.