ವಾರಾನ್ನ, ತಗಡಿನ ಟ್ರಂಕು ಮತ್ತು ಹಾಸ್ಟೆಲ್ಲಿನ ಊಟದ ಗಂಟೆ

ನಮ್ಮಪ್ಪನಿಗೆ ಒಂದು ಅಭ್ಯಾಸ ಇದೆ. ಊಟ ಮುಗಿದ ಮೇಲೆ ಅವರ ತಟ್ಟೆಯಲ್ಲಿ ಒಂದಗುಳೂ ಉಳಿದಿರುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ, ಸಾಲಿನ ಕೊನೆಯವನಿಗೆ ಬಡಿಸಿ ಆಗುವವರೆಗೂ ಎಲೆಗೆ ಕೈ ಹಾಕುವುದಿಲ್ಲ. ಚಿಕ್ಕವನಿದ್ದಾಗ ಇದನ್ನು ನೋಡಿ ನನಗೆ ಕಿರಿಕಿರಿ ಆಗುತ್ತಿತ್ತು, ಹೊಟ್ಟೆ ಹಸಿದಿರುತ್ತಿತ್ತಲ್ಲ :-)

ಮೊನ್ನೆ ಊರಿಗೆ ಹೋದಾಗ ಅಟ್ಟ ಗುಡಿಸುತ್ತಿದ್ದೆವು. ಮೂಲೆಯಲ್ಲಿ ಒಂದು ಹಳೇ ತಗಡಿನ ಟ್ರಂಕು ಸಿಕ್ಕಿತು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅಪ್ಪನ ಹೆಸರು, ಕೆಳಗೆ ರೂಂ ನಂಬರು. "ಇದೇನಪ್ಪಾ?" ಅಂದೆ. "ಹೈಸ್ಕೂಲಿಂದ ಪಿಯುಸಿವರೆಗೂ ಇದೇ ಕಣೋ ನನ್ನ ಮನೆ" ಅಂದರು. ಅವರು ಓದಿದ್ದು ಒಂದು ಮಠದ ಉಚಿತ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು. ಅದು ನನಗೆ ಗೊತ್ತಿತ್ತು. ಆದರೆ ಆ ಹಾಸ್ಟೆಲ್ ಇಲ್ಲದಿದ್ದರೆ ಅವರು ಏಳನೇ ಕ್ಲಾಸಿಗೇ ದನ ಕಾಯಲು ಹೋಗಬೇಕಿತ್ತು, ನಾನು ಇವತ್ತು ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುತ್ತಿರಲಿಲ್ಲ ಅನ್ನುವುದನ್ನು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಹಾಸ್ಟೆಲ್ಲಲ್ಲಿ ಬೆಳೆದ ಹುಡುಗರು ಗಟ್ಟಿಯಾಗುತ್ತಾರೆ, ಕಾಲೇಜಿಗೆ ಹೋದಾಗ ಹೆದರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಈಗಿನ ರೆಸಿಡೆನ್ಶಿಯಲ್ ಶಾಲೆಗಳ ಜಾಹೀರಾತಿನಲ್ಲೂ ಇದೇ ಮಾತು.. ವ್ಯಕ್ತಿತ್ವ ವಿಕಸನ, ನಾಯಕತ್ವದ ಗುಣ ಇತ್ಯಾದಿ. ಆದರೆ ನಮ್ಮ ನಾಡಿನಲ್ಲಿ ಹಾಸ್ಟೆಲ್ಲುಗಳು ಹುಟ್ಟಿದ್ದು ವ್ಯಕ್ತಿತ್ವ ವಿಕಸನ ಮಾಡೋಣ ಅಂತ ಅಲ್ಲ. ಓದುವ ಹುಡುಗನಿಗೆ ಎರಡು ಹೊತ್ತಿನ ಊಟ ಹಾಕೋಣ ಅಂತ. ಉಳಿದದ್ದೆಲ್ಲ ಆ ಊಟದ ಹಿಂದೆ ಬಂತು. ಅಟ್ಟದಿಂದ ಇಳಿದ ಮೇಲೆ ಆ ಕಥೆಯನ್ನೇ ಹುಡುಕುತ್ತಾ ಹೋದೆ, ಅದರ ಫಲ ಈ ಬರಹ.

ನೂರಿಪ್ಪತ್ತು ವರ್ಷ ಹಿಂದಿನ ಚಿತ್ರ ಹೀಗಿತ್ತು. ಡಿಗ್ರಿ ಓದಬೇಕೆಂದರೆ ಮೈಸೂರು ಸೀಮೆಯವರಿಗೆ ಇದ್ದದ್ದು ಮುಖ್ಯವಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜು. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ, ಅದಕ್ಕೂ ಮೊದಲು ಪರೀಕ್ಷೆಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯದ್ದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿಯವರೆಗೆ ಆ ಕಡೆಯ ಹುಡುಗರು ಪುಣೆಗೋ, ಕೊಲ್ಲಾಪುರಕ್ಕೋ, ಮುಂಬಯಿಗೋ ಹೋಗಬೇಕಿತ್ತು. ಡಿಗ್ರಿ ಹಾಗಿರಲಿ, ಹೈಸ್ಕೂಲಿಗೇ ದೊಡ್ಡ ಊರು ಸೇರಬೇಕಿತ್ತು. ಫೀಸು ಹೇಗೋ ಹೊಂದಿಸಬಹುದು. ಮಲಗುವುದೆಲ್ಲಿ? ಉಣ್ಣುವುದೆಲ್ಲಿ?

ವಿಶ್ವೇಶ್ವರಯ್ಯನವರ ಕಥೆಯನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ತಂದೆ ಇಲ್ಲದ ಹುಡುಗ, ಬೆಂಗಳೂರಿನಲ್ಲಿ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ಓದು ಸಾಗಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ನಾವು ಇದನ್ನು ಅವರ ಛಲದ ಕಥೆ ಅಂತ ಓದುತ್ತೇವೆ, ನಿಜವೇ. ಆದರೆ ಇದು ಆ ಕಾಲದಲ್ಲಿ ಹಾಸ್ಟೆಲ್ಲುಗಳು ಇಲ್ಲದಿದ್ದುದರ ಕಥೆಯೂ ಹೌದು.

ಹಾಗೆ ಮನೆಪಾಠ ಸಿಗದವರಿಗೆ ಇದ್ದ ದಾರಿ ವಾರಾನ್ನ. ಹೊಸ ತಲೆಮಾರಿನವರಿಗೆ ಈ ಪದವೇ ಗೊತ್ತಿರಲಿಕ್ಕಿಲ್ಲ. ಬಡ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆರೇ ಮನೆ ಸಿಕ್ಕಿದರೆ ಏಳನೇ ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಕೆಲವು ಮನೆಯಲ್ಲಿ ತಾಯಿಯ ಹಾಗೆ ಬಡಿಸುವವರಿದ್ದರು. ಕೆಲವು ಕಡೆ ಊಟಕ್ಕೆ ಮೊದಲು ನೀರು ಸೇದಬೇಕು, ಮಗು ಎತ್ತಿಕೊಳ್ಳಬೇಕು, ಮನೆಯವರೆಲ್ಲ ಉಂಡು ಎದ್ದ ಮೇಲೆ ಉಳಿದದ್ದನ್ನು ಉಣ್ಣಬೇಕು. ಹಿಂದಿನ ತಲೆಮಾರಿನವರ ಆತ್ಮಕಥೆಗಳನ್ನು ತೆಗೆದು ನೋಡಿ, ಎಲ್ಲೋ ಒಂದು ಪುಟದಲ್ಲಿ ಈ ಊಟ ಬಂದೇ ಬರುತ್ತದೆ. ಬಡಿಸಿದ ಕೈಯ ನೆನಪಿನ ಜೊತೆಗೆ ಬಾಗಿಲಲ್ಲಿ ಕಾದು ನಿಂತ ಹೊತ್ತಿನ ನೆನಪೂ ಇರುತ್ತದೆ.

ಈ ಪದ್ಧತಿಗೆ ಇನ್ನೂ ದೊಡ್ಡದೊಂದು ಮಿತಿ ಇತ್ತು. ವಾರಾನ್ನ ನಡೆಯುತ್ತಿದ್ದದ್ದು ಹೆಚ್ಚಾಗಿ ಬ್ರಾಹ್ಮಣರ ಮನೆಗಳಲ್ಲಿ, ಬ್ರಾಹ್ಮಣ ಹುಡುಗರಿಗೆ. ಪಟ್ಟಣದಲ್ಲಿ ತನ್ನ ಜಾತಿಯ ನೌಕರರ, ವಕೀಲರ ಮನೆ ಇದ್ದವನಿಗೆ ಏಳು ಬಾಗಿಲು ಸಿಗಬಹುದು. ಹಳ್ಳಿಯಿಂದ ಬಂದ ಒಕ್ಕಲು ಮಗನಿಗೆ, ಕುರುಬರ ಹುಡುಗನಿಗೆ ಯಾರ ಬಾಗಿಲು? ದಲಿತರ ಹುಡುಗನಂತೂ ಬೀದಿಯ ಒಳಕ್ಕೇ ಬರುವ ಹಾಗಿರಲಿಲ್ಲ. ಕಾಲೇಜಿನ ಬಾಗಿಲು ಕಾನೂನಿನ ಪ್ರಕಾರ ತೆರೆದಿದ್ದರೂ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಯಾರು ಓದಿದರು, ಯಾರು ಓದಲಿಲ್ಲ ಅನ್ನುವ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಹಾಸ್ಟೆಲ್ಲುಗಳು ಬಂದದ್ದು ಈ ಜಾಗಕ್ಕೆ. ಬೆಂಗಳೂರಿನವರಿಗೆಲ್ಲ ಮೆಜೆಸ್ಟಿಕ್ಕಿನ ತೋಟದಪ್ಪ ಛತ್ರ ಗೊತ್ತು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರು ಪೇಟೆಯಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು 1897ರಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಜಾಗ ಕೊಂಡರು. 1903ರಲ್ಲಿ ಛತ್ರದ ಉದ್ಘಾಟನೆಯಾಯಿತು. ಪ್ರಯಾಣಿಕರಿಗೆ ಛತ್ರ, ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ಉತ್ತರದ ಕಡೆ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಅದೇ 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಇಂಥ ಸಂಘಗಳು ಕೈ ಹಾಕಿದ ಮುಖ್ಯ ಕೆಲಸಗಳಲ್ಲಿ ಹಾಸ್ಟೆಲ್ಲೂ ಒಂದು. 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ಆರಂಭಿಸಿದರು. ಕರ್ನಾಟಕ ಕಾಲೇಜು ಶುರುವಾದ ವರ್ಷವೂ ಅದೇ. ಪಾಠಕ್ಕೊಂದು ಜಾಗ, ಊಟಕ್ಕೊಂದು ಜಾಗ.. ಎರಡೂ ಒಂದೇ ಊರಿನಲ್ಲಿ ಒಂದೇ ವರ್ಷ ಸಿಕ್ಕವು.

ಇದಕ್ಕೆ ಪಕ್ಕದ ಕೊಲ್ಲಾಪುರದ ಗಾಳಿಯೂ ಬೀಸಿತ್ತು. ಅಲ್ಲಿ ಶಾಹು ಮಹಾರಾಜರು 1901ರಲ್ಲಿ ಮರಾಠಾ ಹುಡುಗರಿಗೆ ಬೋರ್ಡಿಂಗ್ ಮಾಡಿಸಿದರು, ಆಮೇಲೆ ಜೈನರು, ಲಿಂಗಾಯತರು, ಮುಸಲ್ಮಾನರು, ದಲಿತರು ಹೀಗೆ ಒಂದೊಂದು ಸಮುದಾಯಕ್ಕೂ ಬೋರ್ಡಿಂಗುಗಳು ಎದ್ದವು. ಕರಾವಳಿಯಲ್ಲಿ ಇದಕ್ಕಿಂತ ಮೊದಲೇ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು, ಮುಂದೆ ವಸತಿಯ ವ್ಯವಸ್ಥೆಯನ್ನೂ ಮಾಡಿದರು. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಅವರು ಪಟ್ಟ ಪಾಡು ಸಣ್ಣದಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಹಿಂದುಳಿದವರಿಗೆ ನೌಕರಿಯ ಜೊತೆಗೆ ಉನ್ನತ ವಿದ್ಯಾಭ್ಯಾಸದ ಅನುಕೂಲಗಳನ್ನೂ ಪರಿಶೀಲಿಸಿತು. ಇದೇ ವಿಚಾರದ ಭಿನ್ನಾಭಿಪ್ರಾಯ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಒಂದು ಕಾರಣ ಅನ್ನುತ್ತಾರೆ. ಮನೆಪಾಠ ಹೇಳಿ ಓದಿದ ಹುಡುಗ ಬೆಳೆದು ದೊಡ್ಡವನಾದ ಮೇಲೆ ಯಾವ ಕಡೆ ನಿಂತ ಅನ್ನುವುದು ಯೋಚಿಸಬೇಕಾದ ವಿಷಯ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಸರಿ, ಊಟ ಸಿಕ್ಕಿತು. ಗುಣ, ನಡತೆ, ಕಾಲೇಜಿನ ತಯಾರಿ ಇವೆಲ್ಲ ಎಲ್ಲಿಂದ ಬಂದವು?

ಅಪ್ಪನನ್ನೇ ಕೇಳಿದೆ. ಅವರು ಹೇಳಿದ್ದು ತೀರಾ ಸಾಮಾನ್ಯ ಸಂಗತಿಗಳು. ಬೆಳಗಿನ ಜಾವದ ಗಂಟೆ. ತಣ್ಣೀರು ಸ್ನಾನ, ಪ್ರಾರ್ಥನೆ. ಸರದಿ ಪ್ರಕಾರ ಕಸ ಗುಡಿಸುವುದು, ತರಕಾರಿ ಹೆಚ್ಚುವುದು, ಬಡಿಸುವುದು. ಬಡಿಸುವ ಸರದಿ ಬಂದಾಗ ಗೆಳೆಯನಿಗೆ ಒಂದು ಸೌಟು ಸಾರು ಜಾಸ್ತಿ ಹಾಕಿದರೆ ಕೊನೆಯ ಸಾಲಿಗೆ ಬರೀ ನೀರು ಉಳಿಯುತ್ತಿತ್ತಂತೆ. "ಒಂದು ಸಲ ಹಾಗಾಯ್ತು. ಆ ಹುಡುಗ ಏನೂ ಅನ್ನಲಿಲ್ಲ, ಸುಮ್ನೆ ಮುದ್ದೆ ನುಂಗಿ ಎದ್ದ. ಅವತ್ತಿಂದ ನನಗೆ ಕೈ ಅಳತೆ ಬಂತು ನೋಡು" ಅಂದರು. ಕೊನೆಯವನಿಗೆ ಬಡಿಸುವವರೆಗೆ ಕಾಯುವ ಅವರ ಅಭ್ಯಾಸದ ಮೂಲ ನನಗೆ ಗೊತ್ತಾಗಿದ್ದು ಆಗ. ಇದನ್ನು ಯಾವ ಮೇಷ್ಟ್ರೂ ಪಾಠ ಮಾಡಿರಲಿಲ್ಲ.

ಕಾಲೇಜಿನ ತಯಾರಿಯೂ ಹಾಗೇ. ಅಪ್ಪ ಪಿಯುಸಿಗೆ ಸೇರಿದಾಗ ಅಲ್ಲಿಯವರೆಗೆ ಕನ್ನಡದಲ್ಲಿ ಓದಿದ್ದ ವಿಜ್ಞಾನವೆಲ್ಲ ಒಮ್ಮೆಗೇ ಇಂಗ್ಲಿಷ್ ಆಯಿತು. ವೇಗ ಗೊತ್ತು, 'ವೆಲಾಸಿಟಿ' ಗೊತ್ತಿಲ್ಲ! ರಾತ್ರಿ ಊಟದ ನಂತರ ಎರಡನೇ ವರ್ಷದ ಒಬ್ಬರು ಹೊಸಬರನ್ನೆಲ್ಲ ಕೂರಿಸಿಕೊಂಡು ಪದಗಳ ಪಟ್ಟಿ ಬರೆಸುತ್ತಿದ್ದರಂತೆ. ಸ್ಕಾಲರ್‌ಶಿಪ್ ಅರ್ಜಿ ತುಂಬುವುದು ಹೇಗೆ, ಆದಾಯ ಪ್ರಮಾಣಪತ್ರಕ್ಕೆ ಯಾರ ಸಹಿ ಬೇಕು, ಯಾವ ವಿಷಯ ತಗೊಂಡರೆ ಮುಂದೆ ಏನು ಓದಬಹುದು, ಕಾಲೇಜಿನ ಆಫೀಸಿನಲ್ಲಿ ಹೆದರದೆ ಹೇಗೆ ಮಾತಾಡಬೇಕು ಎಲ್ಲವೂ ಸೀನಿಯರ್‌ಗಳಿಂದ ಬಂದದ್ದು. ಓದಿದವರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಇದನ್ನೆಲ್ಲ ಅಪ್ಪ, ಚಿಕ್ಕಪ್ಪ ಹೇಳಿಕೊಡುತ್ತಾರೆ. ಮೊದಲ ತಲೆಮಾರಿನವನಿಗೆ ಆ ಚಿಕ್ಕಪ್ಪನ ಜಾಗ ತುಂಬಿದ್ದು ಹಾಸ್ಟೆಲ್ಲು.

ಇದು ಬರೀ ನಮ್ಮಪ್ಪನ ಕಥೆಯಲ್ಲ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಅವರಿಗೆ ಓದುವ ದಿನಗಳಲ್ಲಿ ಆಸರೆಯಾದದ್ದು ಶ್ರೀರಾಮಕೃಷ್ಣ ಆಶ್ರಮ. ಮುಂದೆ ಅದೇ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಲ್ಲಿ ಕುಲಪತಿಯಾದರು. ಆಶ್ರಮದ ಆ ದಿನಗಳ ಬಗ್ಗೆ ಅವರು 'ನೆನಪಿನ ದೋಣಿಯಲ್ಲಿ' ವಿವರವಾಗಿ ಬರೆದಿದ್ದಾರೆ.

ಇನ್ನೊಬ್ಬರು ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗ. 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬಸ್ಸಿಗೆ ಕಾಸಿಲ್ಲದೆ ಸುಮಾರು 80 ಕಿಲೋಮೀಟರ್ ನಡೆದೇ ಬಂದರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇದ್ದು ಓದಿದರು. ಭೌತಶಾಸ್ತ್ರದ ಮೇಷ್ಟ್ರಾದರು, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ಇಷ್ಟೆಲ್ಲ ಆದರೂ ಮನೆ ಮಾಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಸಣ್ಣ ಕೋಣೆಯಲ್ಲೇ ಇದ್ದರು. ಹಾಸ್ಟೆಲ್ಲಿಗೆ ಬಂದ ಹುಡುಗ ಹಾಸ್ಟೆಲ್ ಬಿಟ್ಟು ಹೋಗಲೇ ಇಲ್ಲ!

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕೊಂಡಿ ಇದೆ. 1920ರ ದಶಕದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಮಾಗಡಿ ಸೀಮೆಯ ವೀರಾಪುರದ ಒಬ್ಬ ಹುಡುಗ ತೋಟದಪ್ಪನವರ ಉಚಿತ ಹಾಸ್ಟೆಲ್ಲಿನಲ್ಲಿ ಇದ್ದ. 1930ರಲ್ಲಿ ಸನ್ಯಾಸ ತೆಗೆದುಕೊಂಡ. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಮಠದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಉಂಡು ಓದುತ್ತಿದ್ದರು, ಎಲ್ಲ ಜಾತಿಯವರೂ. ಹಾಗೆಯೇ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಕೆಲವೇ ಹುಡುಗರನ್ನು ಇಟ್ಟುಕೊಂಡು ವಿದ್ಯಾರ್ಥಿನಿಲಯ ಆರಂಭಿಸಿದರು. ಜೆಎಸ್‌ಎಸ್ ಮಹಾವಿದ್ಯಾಪೀಠ ಬಂದದ್ದು ಆಮೇಲೆ, 1954ರಲ್ಲಿ. ಮೊದಲು ಅಡುಗೆಮನೆ, ಆಮೇಲೆ ಕಾಲೇಜು. ಗುಣ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.. ಉಂಡವರು ಮುಂದೆ ಉಣಿಸಿದರು.

ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಜಾತಿಗೊಂದು ಹಾಸ್ಟೆಲ್ ಆದದ್ದರಿಂದ ಹುಡುಗರು ಪಟ್ಟಣಕ್ಕೆ ಬಂದರೂ ತಮ್ಮ ಜಾತಿಯ ಗೋಡೆಯ ಒಳಗೇ ಉಳಿದರು. ಮುಂದಿನ ಎಷ್ಟೋ ರಾಜಕೀಯದ ಲೆಕ್ಕಾಚಾರ ಶುರುವಾಗಿದ್ದು ಇದೇ ಕೋಣೆಗಳಲ್ಲಿ. ಇನ್ನೊಂದು ಮಗ್ಗುಲೂ ಇದೆ. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನ ದಿನಗಳನ್ನು ಅವರು ನಗಿಸುತ್ತಲೇ ಹೇಳುತ್ತಾರೆ. ಹಸಿವು ಇದೆ, ತುಂಟತನ ಇದೆ, ಜೊತೆಗೆ ಪುಸ್ತಕ, ಭಾಷಣ, ಹೋರಾಟವೂ ಇದೆ. ಕೇರಿಯ ಹುಡುಗನೊಬ್ಬ ಕವಿಯಾಗುವ ದಾರಿಯಲ್ಲಿ ಆ ಹಾಸ್ಟೆಲ್ ಇತ್ತು.

ಮತ್ತೆ, ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಬ್ಬ ಹುಡುಗಿಯೂ ಇಲ್ಲ, ಗಮನಿಸಿದಿರಾ? ನಮ್ಮ ಅತ್ತೆ ಅಪ್ಪನಿಗಿಂತ ಚೆನ್ನಾಗಿ ಓದುತ್ತಿದ್ದರಂತೆ. ಅವರಿಗೆ ಹತ್ತಿರದಲ್ಲಿ ಹಾಸ್ಟೆಲ್ ಇರಲಿಲ್ಲ, ಇದ್ದರೂ ಅಜ್ಜ ಕಳಿಸುತ್ತಿರಲಿಲ್ಲವೇನೋ. ಏಳನೇ ಕ್ಲಾಸಿಗೇ ಬಿಟ್ಟರು. ಟ್ರಂಕು ನೋಡಿದಾಗ ಅವರು ಹೇಳಿದ್ದು ಇಷ್ಟೇ.. "ನಂಗೂ ಒಂದು ತೆಗೆಸಿಕೊಟ್ಟಿದ್ರೆ ನಾನೂ ಓದ್ತಿದ್ದೆ ಕಣೋ". ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ, ಅಪ್ಪನ ಹತ್ತಿರವೂ ಇರಲಿಲ್ಲ. ಮುಂದೆ ನವೋದಯ ಶಾಲೆಗಳು 1980ರ ದಶಕದ ಮಧ್ಯದಲ್ಲಿ ಬಂದಾಗ ಮೂರನೇ ಒಂದು ಭಾಗ ಸೀಟನ್ನು ಹುಡುಗಿಯರಿಗೆ ಇಟ್ಟರು. ಒಂಬತ್ತನೇ ತರಗತಿಯ ಒಂದಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸುವ ಪದ್ಧತಿಯನ್ನೂ ತಂದರು. ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಅದರ ನಂತರದವು. ಅತ್ತೆಯ ಕಾಲಕ್ಕೆ ಇವು ಯಾವುವೂ ಇರಲಿಲ್ಲ.

ನಾನೂ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಹಾಸ್ಟೆಲ್ಲಿನಲ್ಲಿ ಇದ್ದವನೇ. ದುಡ್ಡು ಕಟ್ಟಿದ್ದೆವು, ಬಡಿಸಲು ಜನ ಇದ್ದರು, ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದೆವು. ಪಕ್ಕದ ರೂಮಿನವನ ಊರು ಯಾವುದು ಅಂತ ಗೊತ್ತಾಗಿದ್ದು ಮೂರನೇ ಸೆಮಿಸ್ಟರಿನಲ್ಲಿ. ಅಪ್ಪನಿಗೆ ಸಿಕ್ಕಿದ್ದು ನನಗೆ ಅಲ್ಲಿ ಸಿಗಲಿಲ್ಲ ಅಂತ ಈಗ ಅನ್ನಿಸುತ್ತದೆ. ನಾಲ್ಕು ಗೋಡೆ, ಒಂದು ಮೆಸ್ಸು ಇದ್ದ ಮಾತ್ರಕ್ಕೆ ಯಾರೂ ಗಟ್ಟಿಯಾಗುವುದಿಲ್ಲ. ಒಬ್ಬರಿಗೊಬ್ಬರು ಬಡಿಸಬೇಕು, ಮೊದಲು ಬಂದವನು ಆಮೇಲೆ ಬಂದವನಿಗೆ ದಾರಿ ಹೇಳಬೇಕು. ಹಳೆಯ ಉಚಿತ ಹಾಸ್ಟೆಲ್ಲುಗಳಲ್ಲಿ ಬಡತನ ಅದನ್ನು ಮಾಡಿಸುತ್ತಿತ್ತು. ಬಡತನ ಇಲ್ಲದ ಕಡೆ ನಾವಾಗಿಯೇ ಮಾಡಬೇಕು, ಅದೇ ಕಷ್ಟ.

ಟ್ರಂಕನ್ನು ಬೆಂಗಳೂರಿಗೆ ತಂದಿದ್ದೇನೆ, ಅಪ್ಪನ ಹೆಸರಿನ ಪೇಂಟು ಹಾಗೇ ಇದೆ. ನಮ್ಮ ತಾಲ್ಲೂಕಿನ ಹಾಸ್ಟೆಲ್ಲಿನ ಪಿಯುಸಿ ಹುಡುಗರಿಗೆ ಭಾನುವಾರ ಫೋನಿನಲ್ಲಿ ಅರ್ಜಿ ತುಂಬುವುದು, ಕೋರ್ಸು ಆರಿಸುವುದು ಹೇಳಿಕೊಡಲು ಶುರು ಮಾಡಿದ್ದೇನೆ. ಸದ್ಯಕ್ಕೆ ನಾಲ್ಕು ಹುಡುಗರು, ಇಬ್ಬರು ಹುಡುಗಿಯರು. ಹುಡುಗಿಯರನ್ನೂ ಸೇರಿಸು ಅಂತ ಹೇಳಿದ್ದು ಅತ್ತೆ.

ನಿಮ್ಮ ಮನೆಯಲ್ಲೂ ವಾರಾನ್ನ ಉಂಡ ಅಜ್ಜ, ಹಾಸ್ಟೆಲ್ಲಲ್ಲಿ ಓದಿದ ಅಪ್ಪ, ಹಾಸ್ಟೆಲ್ ಸಿಗದ ಅತ್ತೆ ಇದ್ದೇ ಇರುತ್ತಾರೆ. ಅವರು ಇರುವಾಗಲೇ ಕೇಳಿ ಬರೆದಿಡಿ. ನನಗೂ ಓದುವ ಆಸೆ.