ಸ್ಮೋಕ್ ಅಲಾರಂ: ಫ್ಲ್ಯಾಟುಗಳಲ್ಲಿ ಅದರ ನಿರ್ವಹಣೆ

ಸ್ಮೋಕ್ ಅಲಾರಂ ಎಂದರೆ ಹೊಗೆಯ ಸುಳಿವು ಸಿಕ್ಕೊಡನೆ ಕಿರುಚಿ ಮನೆಯವರನ್ನು ಎಬ್ಬಿಸುವ ಸಾಧನ. ಒಂಟಿ ಅಲಾರಂನಲ್ಲಿ ಹೊಗೆ ಹಿಡಿಯುವ ಗೂಡು, ಬ್ಯಾಟರಿ, ಸದ್ದು ಮಾಡುವ ಭಾಗ ಮೂರೂ ಒಂದೇ ಡಬ್ಬಿಯಲ್ಲಿರುತ್ತವೆ. ಪುಣೆಯ ವಿಮಾನ ನಗರದಂಥ ಬಹುಮಹಡಿ ಬಡಾವಣೆಗಳ ಕಟ್ಟಡಗಳಲ್ಲಿ ಇನ್ನೊಂದು ಬಗೆಯೂ ಉಂಟು: ಡಿಟೆಕ್ಟರ್ ಚಾವಣಿಯಲ್ಲಿ, ಅದನ್ನು ಆಳುವ ಪ್ಯಾನೆಲ್ ಕೆಳಗೆಲ್ಲೋ. ಮೊದಲನೆಯದರ ಹೊಣೆ ಮನೆಯವರದು, ಎರಡನೆಯದರದ್ದು ಸೊಸೈಟಿಯದು. ಸೊಸೈಟಿಯ ವ್ಯವಸ್ಥೆ ಹಲವೆಡೆ ಲಾಬಿ, ಪಾರ್ಕಿಂಗ್‌ಗಳಿಗೇ ಮುಗಿಯುವುದರಿಂದ, ಫ್ಲ್ಯಾಟಿನೊಳಗೆ ಡಿಟೆಕ್ಟರ್ ಇದೆಯೇ ಎಂದು ನೋಡಿಕೊಳ್ಳುವುದೇ ಮೊದಲ ಕೆಲಸ.

ಬೆಂಕಿಗಿಂತ ಮೊದಲು ಕೊಲ್ಲುವುದು ಬಹುಮಟ್ಟಿಗೆ ಹೊಗೆಯೇ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಶಾಫ್ಟಿನಿಂದ ಎದ್ದ ಹೊಗೆ ಮಹಡಿಗಳನ್ನು ತುಂಬಿ 9 ಮಂದಿ ಸತ್ತರು.

ಅಲಾರಂನಲ್ಲಿ ಎರಡು ಮುಖ್ಯ ಬಗೆ. ಹಳೆಯದು ಅಯಾನೀಕರಣ ಬಗೆ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಪತ್ತೆಮಾಡುವ ಉಪಕರಣಕ್ಕಾಗಿ ಹೆಣಗುತ್ತಿದ್ದ. ಅನಿಲಕ್ಕೆ ಮುಳ್ಳು ಅಲುಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಅಲುಗಿತೆಂದು ಹೇಳಲಾಗುತ್ತದೆ. ಅವನೊಡನೆ ದುಡಿದ ಅರ್ನ್ಸ್ಟ್ ಮೈಲಿ ಆ ಉಪಕರಣದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಶೀತ-ಕ್ಯಾಥೋಡ್ ನಳಿಕೆ ರೂಪಿಸಿದ. ಸುಮಾರು ಕಾಲು ಶತಮಾನದ ಬಳಿಕ ಅಮೆರಿಕದಲ್ಲಿ ಡ್ವೇನ್ ಪಿಯರ್ಸಾಲ್ ಸ್ಥಿರ ವಿದ್ಯುತ್ ನಿವಾರಿಸುವ ಯಂತ್ರವನ್ನು ಪರೀಕ್ಷಿಸುತ್ತಿದ್ದಾಗಲೂ ತಂತ್ರಜ್ಞನೊಬ್ಬನ ಸಿಗರೇಟಿಗೆ ಮೀಟರು ಇಳಿಯಿತಂತೆ. ಎರಡು ಕಥೆಗಳಲ್ಲೂ ಸಿಗರೇಟೇ ಬರುವುದು ಆಕಸ್ಮಿಕವೋ, ಹೇಳುವವರ ಹದವೋ! 1965ರಲ್ಲಿ ಪಿಯರ್ಸಾಲ್ ಮತ್ತು ಸ್ಟ್ಯಾನ್ಲಿ ಪೀಟರ್ಸನ್ ಬ್ಯಾಟರಿ ಅಲಾರಂ ರೂಪಿಸಿದರು. 1970ರ ದಶಕದಲ್ಲಿ ಅದು ಮನೆಗಳಿಗೆ ಹಬ್ಬಿತು. ಇಂಥ ಅಲಾರಂನೊಳಗೆ ಗಾಳಿಯನ್ನು ಅಯಾನೀಕರಿಸುವ ವಿಕಿರಣಶೀಲ ವಸ್ತುವಾದ ಅಮೆರಿಸಿಯಂ-241ರ ಅರ್ಧಾಯುಷ್ಯ ಸುಮಾರು 432 ವರ್ಷ. ಅದರ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ಆದರೂ ಡಬ್ಬಿಯನ್ನು ಬಿಚ್ಚುವುದಾಗಲಿ ಸುಡುವುದಾಗಲಿ ಸಲ್ಲದು. ಭಾರತದಲ್ಲಿ ಈ ಬಗೆಯ ಅಲಾರಂಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಗಾಕ್ಕೆ ಒಳಪಟ್ಟಿವೆ.

ಇನ್ನೊಂದು ದ್ಯುತಿ ಬಗೆ. ಕತ್ತಲೆಯ ಗೂಡಿನಲ್ಲಿ ಅವಕೆಂಪು ಕಿರಣ ನೇರ ಸಾಗುತ್ತಿರುತ್ತದೆ. ಹೊಗೆಯ ಕಣಗಳು ಅದನ್ನು ಚದುರಿಸಿದಾಗ ಬದಿಯ ಸಂವೇದಕಕ್ಕೆ ಬೆಳಕು ತಾಗಿ ಸದ್ದೇಳುತ್ತದೆ. ಧೂಳು, ಹಬೆ, ಒಳಹೊಕ್ಕ ಹುಳುಗಳೂ ಬೆಳಕನ್ನು ಹಾಗೆಯೇ ಚದುರಿಸುತ್ತವೆ. ನಿರ್ವಹಣೆಯ ಮುಕ್ಕಾಲು ಪಾಲು ಸುಳ್ಳು ಕೂಗನ್ನು ತಪ್ಪಿಸುವುದೇ. ಒಗ್ಗರಣೆಗೋ ಧೂಪಕ್ಕೋ ಪದೇ ಪದೇ ಕಿರುಚುವ ಅಲಾರಂನ ಬ್ಯಾಟರಿಯನ್ನು ಯಾರಾದರೂ ಕಿತ್ತಿಡುತ್ತಾರೆ. ಅಮೆರಿಕದ ಅಧ್ಯಯನಗಳಲ್ಲಿ ಬೆಂಕಿಯ ವೇಳೆ ಅಲಾರಂ ಸುಮ್ಮನಿದ್ದುದಕ್ಕೆ ಕಂಡ ಮುಖ್ಯ ಕಾರಣ ಇದೇ. ಆದ್ದರಿಂದ ಒಲೆಯಿಂದ ಕನಿಷ್ಠ 10 ಅಡಿ, ಸೀಲಿಂಗ್ ಫ್ಯಾನಿನ ರೆಕ್ಕೆಯ ತುದಿಯಿಂದ 3 ಅಡಿ ದೂರವಿಡುವುದು ರೂಢಿ. ಅಡುಗೆಮನೆಯೊಳಗೆ ಶಾಖ ಡಿಟೆಕ್ಟರ್ ಮೇಲು.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಬೇಕು. ಅದು ಸರ್ಕೀಟು, ಬ್ಯಾಟರಿ, ಸದ್ದನ್ನು ಪರೀಕ್ಷಿಸುತ್ತದೆ. ಗೂಡಿಗೆ ಹೊಗೆ ಹೊಗುವ ದಾರಿ ತೆರೆದಿದೆಯೇ ಎಂಬುದನ್ನಲ್ಲ. ಹಾಗಾಗಿ ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆಯ ಬ್ರಷ್‌ನಿಂದ ರಂಧ್ರಗಳ ಧೂಳು ತೆಗೆಯಬೇಕು. ನೀರಾಗಲಿ ಸ್ಪ್ರೇ ಆಗಲಿ ಬೇಡ. ದೀಪಾವಳಿಗೆ ಮುನ್ನ ಸುಣ್ಣ-ಬಣ್ಣ ಬಳಿಯುವಾಗ ಹೊದಿಸಿದ ಚೀಲವನ್ನು ಮರೆಯದೆ ತೆಗೆಯಬೇಕು. ನಿಮಿಷಕ್ಕೊಮ್ಮೆ ಚಿಂವ್ ಎನ್ನುವುದು ಸಾಮಾನ್ಯವಾಗಿ ಬ್ಯಾಟರಿ ಇಳಿದ ಗುರುತು. ತಂಪಿಗೆ ಬ್ಯಾಟರಿಯ ವೋಲ್ಟೇಜು ಕುಸಿಯುವುದರಿಂದ ಈ ಸದ್ದು ಅನೇಕ ಬಾರಿ ನಸುಕಿನಲ್ಲೇ ಶುರುವಾಗುತ್ತದೆ. ಬದಲಿಸಬಹುದಾದ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಇಡೀ ಅಲಾರಂ ಅನ್ನು ಬೆನ್ನ ಮೇಲಿನ ತಯಾರಿಕಾ ದಿನಾಂಕದಿಂದ 10 ವರ್ಷಕ್ಕೆ ಬದಲಿಸುವುದು ಕ್ರಮ.

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಕಾಯಿದೆಯ ಪ್ರಕಾರ, ಅದು ಅನ್ವಯಿಸುವ ಕಟ್ಟಡಗಳ ಮಾಲೀಕರು ಅಥವಾ ನಿವಾಸಿಗಳು ಅಗ್ನಿ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈಗಳಲ್ಲಿ ಸಲ್ಲಿಸಬೇಕು. ಅದನ್ನು ಪರವಾನಗಿ ಪಡೆದ ಸಂಸ್ಥೆಯೇ ಕೊಡಬೇಕು. ಇಂಥ ವ್ಯವಸ್ಥೆಗಳ ಅಳವಡಿಕೆ ಹಾಗೂ ನಿರ್ವಹಣೆಗೆ ಐಎಸ್ 2189 ಮಾನಕವಿದೆ. ಒಣ ಚಳಿಯ ಧೂಳು, ಮುಂಗಾರಿನ ತೇವ ಎರಡೂ ಈ ಎರಡು ತಿಂಗಳಿಗೇ ಬೀಳುವುದರಿಂದ ಫ್ಲ್ಯಾಟಿನೊಳಗಿನ ಒಂಟಿ ಅಲಾರಂನ ಶುಚಿಗೂ ಇದೇ ಲೆಕ್ಕ ಅನುಕೂಲ.

ಸ್ಮೋಕ್ ಅಲಾರಂ ಅನಿಲ ಸೋರಿಕೆಯನ್ನು ಗುರುತಿಸದು. ಅದಕ್ಕೆ ಬೇರೆ ಡಿಟೆಕ್ಟರ್ ಬೇಕು: ಗಾಳಿಗಿಂತ ಭಾರವಾದ ಸಿಲಿಂಡರ್ ಎಲ್‌ಪಿಜಿಗೆ ನೆಲದ ಹತ್ತಿರ, ಹಗುರವಾದ ಕೊಳವೆ ಅನಿಲಕ್ಕೆ ಚಾವಣಿಯ ಹತ್ತಿರ.