ಕ್ಲಾಸ್‌ರೂಮಿಗೆ ಕಂಪ್ಯೂಟರ್ ಬಂತು, ಲೆಕ್ಕ ಬಂತಾ?

ಮುಂಬೈ, ಠಾಣೆ ಕಡೆಯ ನಮ್ಮ ಐಟಿ ಕನ್ನಡಿಗರು ಸೇರಿದಾಗ ಒಂದು ಮಾತು ಬಂದೇ ಬರುತ್ತೆ: "ಆಫೀಸಿನ ಹಳೇ ಲ್ಯಾಪ್‌ಟಾಪ್‌ಗಳನ್ನ ಇಲ್ಲಿನ ಕನ್ನಡ ಶಾಲೆಗೆ ಕೊಡೋಣ್ವಾ?" ಒಳ್ಳೇ ಯೋಚನೆ. ಆದರೆ ಇದರ ಹಿಂದೆ ನಲವತ್ತು ವರ್ಷದ ಇತಿಹಾಸ ಇದೆ. ಮೊದಲು ಅದನ್ನ ನೋಡೋಣ.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ತಂತು. ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದವು. ಮಕ್ಕಳಿಗೆ ಕಂಪ್ಯೂಟರಿನ ಪರಿಚಯ ಆಯ್ತು, ಸರಿ. ಅದರಿಂದ ಲೆಕ್ಕ, ಭಾಷೆ ಚೆನ್ನಾಗಿ ಬರುತ್ತಾ?

ಇದಕ್ಕೆ ಅಂಕಿ-ಅಂಶದ ಉತ್ತರ ಸಿಕ್ಕಿದ್ದು ಮುಂಬೈನಲ್ಲೇ ಹುಟ್ಟಿದ ‘ಪ್ರಥಮ್’ ಸಂಸ್ಥೆಯ ಕೆಲಸದಿಂದ. ಮುಂಬೈ ಮತ್ತು ವಡೋದರಾದ ಮುನಿಸಿಪಲ್ ಶಾಲೆಗಳಲ್ಲಿ ಅವರು ‘ಬಾಲಸಖಿ’ಯರನ್ನ ನೇಮಿಸಿದ್ರು. ಅದೇ ಬಸ್ತಿಯ ಓದಿದ ಹೆಣ್ಣುಮಕ್ಕಳು, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನ ಕೂರಿಸಿಕೊಂಡು ದಿನಕ್ಕೆ ಎರಡು ಗಂಟೆ ಹೇಳಿಕೊಡೋರು.

ವಡೋದರಾದಲ್ಲಿ ಇನ್ನೊಂದು ಪ್ರಯೋಗವೂ ನಡೀತು. 2000ದಲ್ಲಿ ಗುಜರಾತ್ ಸರ್ಕಾರ ಅಲ್ಲಿನ 100 ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಅವು ಮಕ್ಕಳ ಕೈಗೆ ಸಿಗ್ತಿದ್ದಿದ್ದೇ ಅಪರೂಪ. 2002ರಿಂದ ಪ್ರಥಮ್ ಅವನ್ನ ಕೆಲಸಕ್ಕೆ ಹಚ್ಚಿತು: ನಾಲ್ಕನೇ ಕ್ಲಾಸು, ಒಂದು ಕಂಪ್ಯೂಟರಿಗೆ ಇಬ್ಬರು, ವಾರಕ್ಕೆ ಎರಡು ಗಂಟೆ, ಮಗುವಿನ ಮಟ್ಟಕ್ಕೆ ತಕ್ಕ ಹಾಗೆ ಬದಲಾಗೋ ಲೆಕ್ಕದ ಆಟ. ನೋಡಿಕೊಳ್ಳೋಕೆ ಒಬ್ಬರು ಪಕ್ಕದಲ್ಲೇ ಇರೋರು.

ಎರಡನ್ನೂ ಅಳೆದವರಲ್ಲಿ ಮುಂಬೈನಲ್ಲೇ ಹುಟ್ಟಿದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕೇಳಿ. ಎರಡನೇ ವರ್ಷಕ್ಕೆ ಕಂಪ್ಯೂಟರ್ ಮಕ್ಕಳ ಲೆಕ್ಕದ ಅಂಕ 0.47 ಸ್ಟ್ಯಾಂಡರ್ಡ್ ಡೀವಿಯೇಷನ್ ಏರಿತ್ತು. ಸಣ್ಣದಲ್ಲ ಇದು! ಆದರೆ ಭಾಷೆಯಲ್ಲಿ ಏನೂ ಬದಲಾಗಲಿಲ್ಲ. ಬಾಲಸಖಿ ಇದ್ದ ಕಡೆ ಒಟ್ಟು ಅಂಕ 0.28ರಷ್ಟು ಏರಿತ್ತು. ಖರ್ಚು? ವರ್ಷಕ್ಕೆ ಒಂದು ಮಗುವಿಗೆ ಬಾಲಸಖಿಗೆ ಸುಮಾರು ಎರಡೂಕಾಲು ಡಾಲರ್, ಕಂಪ್ಯೂಟರಿಗೆ ಹದಿನೈದು. ಅಂದ್ರೆ ಅದೇ ದುಡ್ಡಿಗೆ ಆರೇಳು ಪಟ್ಟು ಮಕ್ಕಳಿಗೆ ಬಾಲಸಖಿ ಸಿಗ್ತಾಳೆ. ಇನ್ನೊಂದು ವಿಷಯ: ಕಾರ್ಯಕ್ರಮ ನಿಂತು ಒಂದು ವರ್ಷಕ್ಕೆ ಎರಡರ ಲಾಭವೂ 0.10ರ ಆಸುಪಾಸಿಗೆ ಇಳಿದಿತ್ತು.

ಇದರಿಂದ ನಮಗೇನು ಗೊತ್ತಾಗುತ್ತೆ? ಕಂಪ್ಯೂಟರ್ ಕೆಲಸ ಮಾಡುತ್ತೆ. ಆದರೆ ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡಬೇಕು, ಪಕ್ಕದಲ್ಲೊಬ್ಬರು ಇರಬೇಕು, ವರ್ಷಕ್ಕೇ ನಿಲ್ಲಬಾರದು. ಬರೀ ಡಬ್ಬ ಇಳಿಸಿ ಬಂದರೆ ಅದು ಡಬ್ಬವೇ.

ನಮ್ಮ ಮುಂಬೈ ಕನ್ನಡಿಗರಿಗೆ ಇದು ಹೊಸ ಪಾಠ ಅಲ್ಲ. ಹಗಲೆಲ್ಲ ಹೋಟೆಲಲ್ಲಿ ದುಡಿದ ಹುಡುಗರು ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಅಲ್ಲಿದ್ದದ್ದು ಕರಿಹಲಗೆ, ಸೀಮೆಸುಣ್ಣ, ಮತ್ತೆ ದಿನಾ ತಪ್ಪದೆ ಬರೋ ಮೇಷ್ಟ್ರು.

ಹಾಗಾಗಿ ಲ್ಯಾಪ್‌ಟಾಪ್ ಖಂಡಿತ ಕೊಡಿ. ಕೊಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಕನ್ನಡದಲ್ಲಿ ಕಲಿಯೋ ಮಗುವಿಗೆ ಏನಿದೆ? ಶನಿವಾರ ಶನಿವಾರ ಅದರ ಪಕ್ಕ ಕೂರೋರು ಯಾರು? ಎರಡನೇ ಪ್ರಶ್ನೆಗೆ "ನಾನು" ಅನ್ನೋರು ನಾಲ್ಕು ಜನ ಸಿಕ್ಕರೂ ಸಾಕು, ಕೆಲಸ ಶುರುವಾಗುತ್ತೆ.